ಮೊರದಲ್ಲಿ ಉಳಿದ ಕವಿತೆ

‘ಕಾರಿಹೆಗ್ಗಡೆಯ ಮಗಳು’ ಎಂದರೆ ಸಾಕು, ಕನ್ನಡ ಶಾಲೆಯಲ್ಲಿ ಓದಿದವರ ಕಣ್ಣೆದುರು ಚಿತ್ರ ಕಟ್ಟುತ್ತದೆ. ನಲ್ಲನೊಡನೆ ಓಡಿಬಂದ ಹೆಣ್ಣು, ಕೆರಳಿದ ನೀರು, ಎದೆಗಾರ ಅಂಬಿಗ, ದಡದಲ್ಲಿ ಗೋಳಿಡುವ ತಂದೆ. ಬಿ.ಎಂ.ಶ್ರೀ. ಇದನ್ನು ತಂದದ್ದು ಥಾಮಸ್ ಕ್ಯಾಂಬೆಲ್‌ನ ಕವಿತೆಯಿಂದ. ವಸಂತವನ್ನು ಬರಮಾಡಿಕೊಳ್ಳುವ ಅವರ ಪದ್ಯದ ಮೂಲ ಥಾಮಸ್ ನ್ಯಾಶ್‌ನದು, ‘ದುಃಖಸೇತು’ವಿನದು ಥಾಮಸ್ ಹುಡ್‌ನದು. ನ್ಯಾಶ್‌ಗೂ ಹುಡ್‌ಗೂ ನಡುವೆ ಸುಮಾರು ಎರಡೂವರೆ ಶತಮಾನದ ಅಂತರ. ಆದರೂ ಈ ಮೂರೂ ಕವಿತೆಗಳು ಒಂದೇ ಪುಸ್ತಕದಲ್ಲಿವೆ: ಫ್ರಾನ್ಸಿಸ್ ಟರ್ನರ್ ಪಾಲ್‌ಗ್ರೇವ್ 1861ರಲ್ಲಿ ಹೊರತಂದ ‘ಗೋಲ್ಡನ್ ಟ್ರೆಷರಿ’. ನ್ಯಾಶ್‌ನ ವಸಂತವೇ ಅದರ ಮೊದಲ ಕವಿತೆ. ನಮ್ಮ ನವೋದಯದ ಭಾವಗೀತೆಗೆ ದಾರಿ ತೋರಿದ ಬಿ.ಎಂ.ಶ್ರೀಯವರ ‘ಇಂಗ್ಲಿಷ್ ಗೀತಗಳು’ ಈ ಸಂಕಲನಕ್ಕೆ ಬಹಳಷ್ಟು ಋಣಿ. ಹಾಗಾಗಿ ಪಾಲ್‌ಗ್ರೇವ್‌ನ ಆಯ್ಕೆಯನ್ನು ತೂಗಿ ನೋಡುವುದು ನಮಗೂ ಸಂಬಂಧಪಟ್ಟ ಕೆಲಸ.

ಪಾಲ್‌ಗ್ರೇವ್ (1824–1897) ಇಂಗ್ಲೆಂಡಿನ ಶಿಕ್ಷಣ ಇಲಾಖೆಯಲ್ಲಿ ದುಡಿದವನು. ಕವಿಯಾಗಿ ಅವನ ಹೆಸರು ಉಳಿಯಲಿಲ್ಲ. ಉಳಿದದ್ದು ಆಯುವ ಕೈಯ ಹೆಸರು. ಸಂಕಲನಕ್ಕೆ ಅವನು ಹಾಕಿಕೊಂಡ ಕಟ್ಟಳೆಗಳು ಖಚಿತವಾಗಿದ್ದವು. ಬದುಕಿರುವ ಕವಿಗಳು ಬೇಡ. ದೀರ್ಘ ಕಥನ, ಉಪದೇಶ, ಹಾಸ್ಯ ಬೇಡ. ಒಂದು ಭಾವ, ಒಂದು ಸನ್ನಿವೇಶದ ಸುತ್ತ ಕಟ್ಟಿಕೊಂಡ ಗೀತೆ ಮಾತ್ರ ಬೇಕು. ಗೆಳೆಯ ಟೆನಿಸನ್‌ನ ಮುಂದೆ ಪಟ್ಟಿಯನ್ನಿಟ್ಟು, ಅವನ ಕಿವಿಗೆ ಒಪ್ಪಿದ ಮೇಲೆ ಅಂತಿಮಗೊಳಿಸಿದ. ನಾಲ್ಕು ಭಾಗ ಮಾಡಿ, ಒಂದೊಂದರ ಒಳಗೆ ಇಸವಿಯ ಸಾಲನ್ನು ಬಿಟ್ಟು ಭಾವದ ಏರಿಳಿತಕ್ಕೆ ತಕ್ಕಂತೆ ಕವಿತೆಗಳನ್ನು ಜೋಡಿಸಿದ. ಒಂದು ಕವಿತೆ ಮುಗಿದಲ್ಲಿ ಅದರ ದನಿ ಮುಂದಿನದಕ್ಕೆ ಹರಿಯುತ್ತದೆ. ಕಛೇರಿಯಲ್ಲಿ ಒಳ್ಳೆಯ ಗಾಯಕ ಕೃತಿಗಳ ಸರದಿ ಕಟ್ಟುವಂಥ ಕೆಲಸ ಇದು. ಟೀಕೆಯ ಮಾತಿಲ್ಲದೆ ಬರಿಯ ಜೋಡಣೆಯಿಂದಲೇ ವಿಮರ್ಶೆ ಮಾಡಬಹುದೆಂದು ಅವನು ತೋರಿಸಿಕೊಟ್ಟ. ಇದು ಅವನ ದೊಡ್ಡ ಸಾಧನೆ.

ದೋಷ ಹುಟ್ಟಿದ್ದೂ ಇದೇ ಗುಣದಿಂದ. ಶೇಕ್ಸ್‌ಪಿಯರ್‌ನ ಹದಿನೆಂಟನೆಯ ಸಾನೆಟ್ಟನ್ನು ನೋಡಿ. ಮೂಲದಲ್ಲಿ ಅದಕ್ಕೆ ಹೆಸರಿಲ್ಲ, ಸಂಖ್ಯೆ ಮಾತ್ರ. ಮೊದಲ 126 ಸಾನೆಟ್ಟುಗಳು ಒಬ್ಬ ತರುಣನನ್ನು ಕುರಿತವು ಎಂಬುದು ರೂಢಿಯ ಓದು. ಪಾಲ್‌ಗ್ರೇವ್ ಅದನ್ನು ಸಾಲಿನಿಂದ ಬಿಡಿಸಿ ತಂದು, ‘ತನ್ನ ಒಲವಿಗೆ’ ಎಂಬರ್ಥದ ತಲೆಬರಹ ಹಚ್ಚಿದ. ಕವಿತೆಯ ಒಂದಕ್ಷರವೂ ಬದಲಾಗಲಿಲ್ಲ, ಓದು ಮಾತ್ರ ಬದಲಾಯಿತು. ಕೆಲವು ಕಡೆ ಭಾವದ ಏಕತೆಗಾಗಿ ಚರಣಗಳನ್ನೇ ಬಿಟ್ಟ. ಬಿಟ್ಟದ್ದನ್ನು ಮುನ್ನುಡಿಯಲ್ಲಿ ಒಪ್ಪಿಕೊಂಡ ಪ್ರಾಮಾಣಿಕತೆ ಅವನಿಗಿತ್ತು, ನಿಜ. ಆದರೆ ಮುನ್ನುಡಿ ಓದುವವರು ಕೆಲವರು, ಕವಿತೆಯನ್ನು ಬಾಯಿಪಾಠ ಮಾಡುವವರು ಸಾವಿರಾರು.

ಇನ್ನೂ ದೊಡ್ಡ ನಷ್ಟ ಮೊರದಿಂದ ಆಚೆ ಬಿದ್ದವರದು. 1861ರ ಮೊದಲ ಮುದ್ರಣದಲ್ಲಿ ಜಾನ್ ಡನ್ ಇಲ್ಲ, ವಿಲಿಯಂ ಬ್ಲೇಕ್ ಇಲ್ಲ. ತರ್ಕವನ್ನೂ ಕಾಮವನ್ನೂ ಒಂದೇ ಉಸಿರಿನಲ್ಲಿ ನುಡಿಯುವ ಕವಿ, ಮಗುವಿನ ಮಾತಿನಲ್ಲಿ ಲೋಕವನ್ನೇ ನಡುಗಿಸುವ ಕವಿ, ಇಬ್ಬರಿಗೂ ಜಾಗವಾಗಲಿಲ್ಲ. ಜೊಳ್ಳೆಂದು ತೂರಿದ್ದರಲ್ಲಿ ಗಟ್ಟಿಕಾಳೂ ಹೋಯಿತು.

ಸಮಕಾಲೀನರ ವಿಷಯಕ್ಕೆ ಬಂದಾಗ ಪಾಲ್‌ಗ್ರೇವ್‌ನ ತಕ್ಕಡಿ ಅಲುಗುತ್ತಿತ್ತು. 1862ರ ಲಂಡನ್ ಅಂತರರಾಷ್ಟ್ರೀಯ ಪ್ರದರ್ಶನದ ಕಲಾ ಕೈಪಿಡಿಯಲ್ಲಿ ಹಲವು ಶಿಲ್ಪಿಗಳನ್ನು ಜರೆದು ಥಾಮಸ್ ವೂಲ್ನರ್‌ನನ್ನು ಹೊಗಳಿದ. ಇಬ್ಬರೂ ಒಂದೇ ಮನೆಯಲ್ಲಿದ್ದಾರೆಂಬುದು ಬಯಲಾಗಿ, ಗದ್ದಲವೆದ್ದು, ಕೈಪಿಡಿಯ ಮಾರಾಟವೇ ನಿಂತಿತು. 1885ರಿಂದ ಹತ್ತು ವರ್ಷ ಆಕ್ಸ್‌ಫರ್ಡಿನಲ್ಲಿ ಕಾವ್ಯದ ಪ್ರಾಧ್ಯಾಪಕನಾಗಿದ್ದವನು, ತೀರಿಕೊಂಡ ವರ್ಷವೇ ತನ್ನ ಕಾಲದ ಕವಿಗಳ ಎರಡನೆಯ ಸಂಕಲನ ತಂದ. ಅದು ಮೊದಲನೆಯದರಂತೆ ಜನರ ನಾಲಗೆಯ ಮೇಲೆ ನಿಲ್ಲಲಿಲ್ಲ. ಬದುಕಿರುವವರನ್ನು ಬಿಟ್ಟ ಹಳೆಯ ಕಟ್ಟಳೆ ಅವನನ್ನು ಎಷ್ಟು ಕಾಪಾಡಿತ್ತೆಂಬುದು ಇಲ್ಲಿ ಗೊತ್ತಾಗುತ್ತದೆ.

ಡನ್‌ಗೆ ಆದ ಅನ್ಯಾಯವನ್ನು ತಿದ್ದುವುದರಲ್ಲೂ ಇನ್ನೊಂದು ಸಂಕಲನದ ಪಾಲಿದೆ. 1921ರಲ್ಲಿ ಹರ್ಬರ್ಟ್ ಗ್ರಿಯರ್ಸನ್ ಡನ್ ಮತ್ತು ಅವನ ಬಳಗದ ಕವಿತೆಗಳನ್ನು ಆಯ್ದು ಕೊಟ್ಟ. ಆ ಪುಸ್ತಕದ ವಿಮರ್ಶೆಯಾಗಿ ಟಿ.ಎಸ್. ಎಲಿಯಟ್ ಬರೆದ ಲೇಖನ ಕಾವ್ಯದ ಅಭಿರುಚಿಯನ್ನೇ ತಿರುಗಿಸಿತು. ಆ ಎಲಿಯಟ್ ನಮ್ಮ ನವ್ಯರಿಗೆ ಎಷ್ಟು ಹತ್ತಿರದವನೆಂದು ಬಿಡಿಸಿ ಹೇಳಬೇಕಿಲ್ಲ. ಪಾಲ್‌ಗ್ರೇವ್ ಉಳಿಸಿಕೊಂಡದ್ದು ನವೋದಯದ ಕಿವಿಯನ್ನು ತಿದ್ದಿದರೆ, ಅವನು ಬಿಟ್ಟದ್ದು ನವ್ಯರ ಕಾಲಕ್ಕೆ ಸುತ್ತುಬಳಸಿ ನಮ್ಮನ್ನು ಮುಟ್ಟಿತು.

ಇದರಿಂದ ನಾನು ಕಲಿತದ್ದು ಒಂದು. ವಿಮರ್ಶಕನ ಲೇಖನವನ್ನು ಒಪ್ಪದಿದ್ದರೆ ಓದುಗ ಜಗಳಾಡಬಹುದು. ಸಂಕಲನದಲ್ಲಿ ಇಲ್ಲದ ಕವಿತೆಯ ಪರವಾಗಿ ಜಗಳಾಡಲು ಅದು ಇತ್ತೆಂಬುದೇ ಅವನಿಗೆ ತಿಳಿದಿರುವುದಿಲ್ಲ. ಅದಕ್ಕೇ ಸಂಪಾದಕನ ಹೊಣೆ ವಿಮರ್ಶಕನದಕ್ಕಿಂತ ಭಾರ. ಪಾಲ್‌ಗ್ರೇವ್ ಆಯ್ದದ್ದಕ್ಕೆ ನಾನು ಕೃತಜ್ಞ. ಆ ಆಯ್ಕೆ ಇಲ್ಲದಿದ್ದರೆ ಕಾರಿಹೆಗ್ಗಡೆಯ ಮಗಳು ನಮ್ಮ ದಡಕ್ಕೆ ಬರುತ್ತಿದ್ದಳೋ ಇಲ್ಲವೋ. ಆದರೆ ಯಾವ ಸಂಕಲನವನ್ನು ಕೈಗೆತ್ತಿಕೊಂಡರೂ ಈಗ ಪರಿವಿಡಿ ಓದಿ ಸುಮ್ಮನಾಗಲಾರೆ. ಅದರಲ್ಲಿಲ್ಲದ ಹೆಸರುಗಳನ್ನು ಹುಡುಕಿಕೊಂಡು ಇನ್ನೊಂದು ಪುಸ್ತಕ ತೆರೆಯುತ್ತೇನೆ.