ಕನ್ನಡದ ಕ್ರೈಸ್ತ ಪರಿಭಾಷೆ: ಒಂದು ವಿಮರ್ಶೆ

ಒಂದು ಮತದ ಗ್ರಂಥವು ಮತ್ತೊಂದು ಭಾಷೆಗೆ ಬರುವಾಗ ಕಥಾಭಾಗವು ಹೆಚ್ಚಿನ ಆಯಾಸವಿಲ್ಲದೆ ಬರುವುದು. ಪರಿಭಾಷೆಯು ಹಾಗೆ ಬಾರದು. ಕಥೆಗೆ ಬಳಕೆಯ ಮಾತು ಸಾಕು. ಪರಿಭಾಷೆಗಾದರೋ ಬೇರೊಂದು ದರ್ಶನದಲ್ಲಿ ಮೊದಲೇ ನೆಲೆಗೊಂಡಿರುವ ಪದವನ್ನು ತಂದು ಹೊಸ ಅರ್ಥದಲ್ಲಿ ನಿಲ್ಲಿಸಬೇಕಾಗುವುದು. ಕನ್ನಡದ ಕ್ರೈಸ್ತ ಪರಿಭಾಷೆಯು ಬಹುಮಟ್ಟಿಗೆ ಸಂಸ್ಕೃತ ಶಾಸ್ತ್ರಗಳಿಂದ ಎರವಾಗಿ ಬಂದುದು. ಈ ಎರವು ಎಲ್ಲಿ ಸಂದಿದೆ, ಎಲ್ಲಿ ಸಲ್ಲದೆ ಉಳಿದಿದೆ ಎಂಬುದು ಸಾಹಿತ್ಯವಿಮರ್ಶೆಗೆ ಉಚಿತವಾದ ವಿಷಯವೇ ಆಗಿದೆ.

ಈ ಕಾರ್ಯವು ಬಳ್ಳಾರಿಯಲ್ಲಿ ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸ್ ಮೊದಲಾದವರಿಂದ ನಡೆದು, 1831ರ ಹೊತ್ತಿಗೆ ಸಮಗ್ರ ಬೈಬಲ್ಲು ಕನ್ನಡದಲ್ಲಿ ಅಚ್ಚಾಯಿತು. ಅವರ ಸಹೋದ್ಯೋಗಿ ವಿಲಿಯಂ ರೀವ್ ಅವರ ಕನ್ನಡ-ಇಂಗ್ಲಿಷ್ ನಿಘಂಟು 1832ರಲ್ಲಿಯೂ, ಬಾಸೆಲ್ ಮಿಶನ್ನಿನ ಕಿಟ್ಟೆಲ್ ಅವರ ಮಹಾಕೋಶವು 1894ರಲ್ಲಿ ಮಂಗಳೂರಿನಲ್ಲಿಯೂ ಪ್ರಕಟವಾದುವು. ಶಬ್ದಮಣಿದರ್ಪಣವನ್ನೂ ಛಂದೋಂಬುಧಿಯನ್ನೂ ಸಂಪಾದಿಸಿದ ಕಿಟ್ಟೆಲ್ ಅವರಿಗೆ ಪದಗಳ ಪೂರ್ವಚರಿತ್ರೆಯು ಚೆನ್ನಾಗಿ ಗೊತ್ತಿದ್ದಿತು. ಆದುದರಿಂದ ಮಿಶನರಿಗಳ ಪದಾಯ್ಕೆಯೆಲ್ಲವೂ ಅಜ್ಞಾನಮೂಲವಾದುದೆಂದು ತಳ್ಳಿಬಿಡುವುದು ನ್ಯಾಯವಲ್ಲ. ಬಹುಕಾಲದಿಂದ ಪ್ರಚಾರದಲ್ಲಿರುವ ಪರಿಷ್ಕೃತ ಅನುವಾದದ ಕೆಲವು ಪದಗಳನ್ನು ಒಂದೊಂದಾಗಿ ಒರೆಗೆ ಹಚ್ಚಿ ನೋಡುವುದೇ ಯುಕ್ತವಾದ ಮಾರ್ಗವು.

ಮೊದಲನೆಯದು ಗ್ರಂಥದ ಹೆಸರಾದ ‘ಸತ್ಯವೇದ’. ವಿಶೇಷಣವು ಸ್ವರೂಪವನ್ನು ಹೇಳಬಹುದು, ಇಲ್ಲವೆ ಇತರವನ್ನು ವ್ಯಾವರ್ತಿಸಬಹುದು. ‘ಸತ್ಯ’ ಎಂಬುದು ಇಲ್ಲಿ ವ್ಯಾವರ್ತಕವಾಗಿಯೇ ಕೇಳಿಸುವುದರಿಂದ, ಸತ್ಯವಲ್ಲದ ವೇದವೊಂದುಂಟೆಂಬ ವಾದವು ಹೆಸರಿನಲ್ಲಿಯೇ ಅಡಗಿದೆ. ಅದಲ್ಲದೆ ಮೀಮಾಂಸಕರ ಮತದಲ್ಲಿ ವೇದವು ಅಪೌರುಷೇಯ; ಬೈಬಲ್ಲಾದರೋ ದೇವಪ್ರೇರಣೆಯಿಂದ ಮನುಷ್ಯರು ಬರೆದುದೆಂದು ಕ್ರೈಸ್ತರೇ ಹೇಳುವರು. ಹೀಗೆ ಈ ಎರವು ಎರಡು ಕಡೆಯೂ ಸಲ್ಲದು.

‘ದೀಕ್ಷಾಸ್ನಾನ’ವು ಇದಕ್ಕೆ ವಿರುದ್ಧವಾದ ನಿದರ್ಶನ. ಮೂಲದ ಗ್ರೀಕ್ ಪದಕ್ಕೆ ಮುಳುಗಿಸುವುದೆಂಬಷ್ಟೇ ಧಾತ್ವರ್ಥ. ಸೋಮಯಾಗದಲ್ಲಿ ಯಜಮಾನನು ಕ್ಷೌರಸ್ನಾನಗಳನ್ನು ಮಾಡಿ ದೀಕ್ಷೆಯನ್ನು ಪಡೆಯುವನು. ಋತ್ವಿಜರು ಅವನನ್ನು ಮತ್ತೆ ಗರ್ಭಸ್ಥನನ್ನಾಗಿ ಮಾಡುವರೆಂಬ ಭಾವನೆಯು ಐತರೇಯ ಬ್ರಾಹ್ಮಣದಲ್ಲಿದೆ. ನೀರು, ವ್ರತ, ಪುನರ್ಜನ್ಮ ಈ ಮೂರೂ ಆ ಒಂದು ಕರ್ಮದಲ್ಲಿ ಕೂಡಿವೆ. ಲಿಂಗದೀಕ್ಷೆಯಿಂದ ‘ದೀಕ್ಷೆ’ಯೆಂಬ ಮಾತು ಕನ್ನಡ ಜನರಿಗೆ ಪರಿಚಿತವೂ ಆಗಿದ್ದಿತು. ಕ್ರೈಸ್ತರು ಆ ಸಂಸ್ಕಾರದಲ್ಲಿ ಕಾಣುವ ಹೊಸ ಹುಟ್ಟಿಗೆ ಇದಕ್ಕಿಂತ ಸಮರ್ಪಕವಾದ ಪದವು ದೊರೆಯುವುದು ಕಷ್ಟ.

ಅತ್ಯಂತ ಜಟಿಲವಾದುದು ಯೋಹಾನನ ಸುವಾರ್ತೆಯ ಆರಂಭ. ಗ್ರೀಕಿನ ‘ಲೋಗೊಸ್’ ಪದಕ್ಕೆ ಕನ್ನಡದಲ್ಲಿ ‘ವಾಕ್ಯ’ವನ್ನು ಇಟ್ಟಿದ್ದಾರೆ. ಅಖಂಡವಾಕ್ಯವನ್ನು ಪ್ರತಿಪಾದಿಸಿ, ಶಬ್ದತತ್ತ್ವವೇ ಬ್ರಹ್ಮವೆಂದ ಭರ್ತೃಹರಿಯನ್ನು ಓದಿದವನಿಗೆ ಈ ಪದವು ಗಂಭೀರವಾಗಿಯೇ ತೋರುವುದು. ತೊಡಕು ಲಿಂಗದಲ್ಲಿದೆ. ‘ಲೋಗೊಸ್’ ಗ್ರೀಕಿನಲ್ಲಿ ಪುಲ್ಲಿಂಗ. ಕನ್ನಡದಲ್ಲಿ ಲಿಂಗವು ಅರ್ಥವನ್ನನುಸರಿಸುವುದರಿಂದ ‘ವಾಕ್ಯ’ವು ನಪುಂಸಕವೇ. ಆದುದರಿಂದ ‘ಇತ್ತು’ ಎಂದು ಮೊದಲಾದ ನಿರೂಪಣೆಯು ಬಳಿಕ ‘ಇದ್ದನು’ ಎಂಬುದಕ್ಕೆ ಹಾರಬೇಕಾಯಿತು. ಅದು ಮಾಂಸವಾಯಿತೆಂದು ಮೂಲವು ಹೇಳುವೆಡೆಯಲ್ಲಿ ಅನುವಾದವು ‘ನರಾವತಾರ’ ಎಂದಿತು. ದ್ವೈತಸಿದ್ಧಾಂತದಲ್ಲಿ ಭಗವಂತನ ಅವತಾರದೇಹವು ಪ್ರಾಕೃತವಲ್ಲ. ರಕ್ತಮಾಂಸಗಳ ಲೇಪವು ಅದಕ್ಕಿಲ್ಲ. ಸುವಾರ್ತೆಯು ಯಾವುದನ್ನು ಒತ್ತಿಹೇಳಬೇಕೆಂದಿದೆಯೋ ಅದನ್ನೇ ಈ ಪದವು ಮಾಧ್ವಪಂಡಿತನ ಕಿವಿಯಲ್ಲಿ ನಿಷೇಧಿಸಿಬಿಡುವುದು. ಓದಲು ಇಂಪಾದ ಪದವಾದರೂ ಸಿದ್ಧಾಂತದ ಮರ್ಮವನ್ನು ಅದು ಕಳೆದುಕೊಂಡಿದೆ.

ಇಂತಹ ದೋಷಗಳು ಇಷ್ಟು ಕಾಲ ಚರ್ಚೆಗೆ ಬಾರದೆ ಉಳಿದುದಕ್ಕೆ ಕಾರಣವನ್ನು ಬೆಂಗಳೂರು ನಗರದ ವಿದ್ಯಾಸ್ಥಾನಗಳ ವಿನ್ಯಾಸದಲ್ಲಿಯೇ ಹುಡುಕಬಹುದು. ದಂಡುಪ್ರದೇಶದ ಮಿಲ್ಲರ್ಸ್ ರಸ್ತೆಯಲ್ಲಿ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜು ಇದೆ. ಇದನ್ನು 1910ರಲ್ಲಿ ಹಲವು ಪ್ರಾಟೆಸ್ಟೆಂಟ್ ಮಿಶನ್ನುಗಳು ಕೂಡಿ ಸ್ಥಾಪಿಸಿದುವು. 1947ರ ಸೆಪ್ಟೆಂಬರ್ 27ರಂದು ದಕ್ಷಿಣ ಇಂಡಿಯಾ ಸಭೆಯು ಏರ್ಪಟ್ಟಾಗ ಆಂಗ್ಲಿಕನ್ ಪರಂಪರೆಯೂ ಇದರ ಹಿನ್ನೆಲೆಗೆ ಸೇರಿತು. ನಾನಾ ಪ್ರಾಂತಗಳ ವಿದ್ಯಾರ್ಥಿಗಳು ಬರುವುದರಿಂದ ಅಲ್ಲಿಯ ಪಾಠವು ಇಂಗ್ಲಿಷಿನಲ್ಲಿ. ನಗರದ ದಕ್ಷಿಣದಲ್ಲಿ, ಬನಶಂಕರಿಯ ಬಳಿಯ ಕತ್ತರಿಗುಪ್ಪೆಯಲ್ಲಿ, ಪೇಜಾವರದ ಶ್ರೀ ವಿಶ್ವೇಶತೀರ್ಥರು 1956ರಲ್ಲಿ ಸ್ಥಾಪಿಸಿದ ಪೂರ್ಣಪ್ರಜ್ಞ ವಿದ್ಯಾಪೀಠವಿದೆ. ಅಲ್ಲಿಯ ಪಾಠ್ಯಗ್ರಂಥಗಳು ಸಂಸ್ಕೃತದವು. ಈಶ್ವರನ ವಿಚಾರವೇ ಎರಡು ಕಡೆಯೂ ಮುಖ್ಯ. ಅವತಾರವೆಂದರೇನೆಂದು ನಿಷ್ಕರ್ಷಿಸಬಲ್ಲವರು ದಕ್ಷಿಣದಲ್ಲಿ. ಆ ಪದವನ್ನು ಪ್ರಯೋಗಿಸಿದ ಪರಂಪರೆಯವರು ಉತ್ತರದಲ್ಲಿ. ನಡುವಿನ ಭಾಷೆಯಾದ ಕನ್ನಡವಾದರೋ ಎರಡು ಕಡೆಯೂ ಶಾಸ್ತ್ರಾರ್ಥದ ಪ್ರಧಾನಭಾಷೆಯಾಗಲಿಲ್ಲ.

ಸಾಮರ್ಥ್ಯದ ಕೊರತೆಯಿಂದ ಹೀಗಾಯಿತೆನ್ನುವಂತಿಲ್ಲ. ಮಿಲ್ಲರ್ಸ್ ರಸ್ತೆಯ ಕಾಲೇಜಿನಲ್ಲಿ ಬಹುಕಾಲ ಅಧ್ಯಾಪಕರಾಗಿದ್ದ ಪಿ. ಡಿ. ದೇವಾನಂದನ್ ಅವರು ಮಾಯಾವಾದವನ್ನು ಕುರಿತು 1950ರಲ್ಲಿ ಪ್ರೌಢಗ್ರಂಥವನ್ನು ಪ್ರಕಟಿಸಿದರು. ಕಾರ್ಕಳದಲ್ಲಿ ಹುಟ್ಟಿ, ಮಂಗಳೂರಿನ ಸೆಮಿನರಿಗೆ ಮುಖ್ಯಸ್ಥರಾಗಿ, ಬಳಿಕ ಬೆಂಗಳೂರಿನಲ್ಲಿ ಅಧ್ಯಾಪಕರಾದ ಸ್ಟ್ಯಾನ್ಲಿ ಸಮರ್ಥರು ಹಿಂದೂ-ಕ್ರೈಸ್ತ ಸಂವಾದದಲ್ಲಿ ಲೋಕಖ್ಯಾತರಾದರು. ಆದರೆ ದೇವಾನಂದನ್ನರ ಆ ಗ್ರಂಥವೂ ಸಮರ್ಥರ ಪ್ರಸಿದ್ಧ ಕೃತಿಗಳೂ ಇಂಗ್ಲಿಷಿನವು. ಮಂಗಳೂರಿನ ಮತ್ತು ತುಮಕೂರಿನ ಸೆಮಿನರಿಗಳು ಒಂದಾಗಿ 1965ರಲ್ಲಿ ಮಂಗಳೂರಿನ ಬಲ್ಮಠದಲ್ಲಿ ಆರಂಭವಾದ ಕರ್ನಾಟಕ ಥಿಯಾಲಾಜಿಕಲ್ ಕಾಲೇಜು ಕನ್ನಡದಲ್ಲಿಯೇ ಪಾಠವನ್ನು ನಡೆಸಿಕೊಂಡು ಬಂದಿರುವುದು ಶ್ಲಾಘ್ಯ. ಅದರ ಶ್ರಮಕ್ಕೆ ರಾಜಧಾನಿಯ ವಿದ್ವತ್ತಿನ ಬೆಂಬಲವು ಸಾಲದು.

ದೋಷವು ಒಂದೇ ಪಕ್ಷದ್ದಲ್ಲ. ಪರಿಭಾಷೆಯನ್ನು ತೆಗೆದುಕೊಂಡವರು ಅದರ ಶಾಸ್ತ್ರವನ್ನು ಬಲ್ಲವರೊಡನೆ ಕನ್ನಡದಲ್ಲಿ ವಿಚಾರಮಾಡುವುದನ್ನು ಮುಂದುವರಿಸಲಿಲ್ಲ; ಪಾಠಶಾಲೆಯ ಪಂಡಿತರೂ ತಮ್ಮ ಪದಗಳು ನೂರಾರು ಊರುಗಳ ಪ್ರಾರ್ಥನೆಯಲ್ಲಿ ಹೊಸ ಅರ್ಥವನ್ನು ಪಡೆಯುತ್ತಿರುವುದನ್ನು ಗಮನಿಸಲಿಲ್ಲ. ‘ಪ್ರಾಯಶ್ಚಿತ್ತ’, ‘ಕೃಪೆ’, ‘ಯಾಜಕ’, ‘ಪುನರುತ್ಥಾನ’ ಮೊದಲಾದ ಪದಗಳಿಗೆ ಶಾಸ್ತ್ರಾರ್ಥ, ಕ್ರೈಸ್ತಾರ್ಥ, ಲೋಕರೂಢಿ ಎಂದು ಮೂರನ್ನೂ ಬೇರೆಬೇರೆಯಾಗಿ ಕೊಡುವ ಕನ್ನಡ ಪರಿಭಾಷಾಕೋಶವೊಂದನ್ನು ಎರಡು ಪರಂಪರೆಗಳ ವಿದ್ವಾಂಸರೂ ಒಟ್ಟಿಗೆ ಕುಳಿತು ಸಿದ್ಧಪಡಿಸಿದರೆ, ಮುಂದಿನ ಅನುವಾದಕರು ‘ದೀಕ್ಷಾಸ್ನಾನ’ದಂತಹ ಪದಗಳನ್ನು ಅರಿತು ಉಳಿಸಿಕೊಳ್ಳಬಹುದು, ‘ನರಾವತಾರ’ದಂತಹವನ್ನು ಅರಿತು ತಿದ್ದಬಹುದು. ಕನ್ನಡ ಅಧ್ಯಾಪಕರು ಈ ಕಾರ್ಯಕ್ಕೆ ಮಧ್ಯಸ್ಥರಾಗುವುದು ಉಚಿತ. ಏಕೆಂದರೆ ಇಲ್ಲಿ ವಿಚಾರಕ್ಕೆ ಬಂದಿರುವ ಪದಗಳೆಲ್ಲವೂ ಎಲ್ಲಿಂದ ಬಂದುವಾದರೂ ಈಗ ಕನ್ನಡದ ಸೊತ್ತಾಗಿವೆ.