ಚೌಕಿಯಿಂದ ಕಿರುತೆರೆಗೆ: ಪಾತ್ರವನ್ನು ಓದುವ ಕ್ರಮ

ಮಾಧ್ಯಮ ಅಧ್ಯಯನವೆಂಬ ಶಿಸ್ತು ದೂರದರ್ಶನದ ಧಾರಾವಾಹಿಯನ್ನು ಕೈಗೆತ್ತಿಕೊಂಡಾಗ ಸಾಮಾನ್ಯವಾಗಿ ಎರಡು ದಾರಿಗಳಲ್ಲಿ ಸಾಗುತ್ತದೆ. ಒಂದರಲ್ಲಿ ಪಾತ್ರಗಳ ಸ್ವಭಾವ, ಅವುಗಳ ಪರಸ್ಪರ ಸಂಬಂಧ, ಕಥೆಯಲ್ಲಿ ಅವು ನಿರ್ವಹಿಸುವ ಕೆಲಸ ಇವುಗಳ ವಿಶ್ಲೇಷಣೆ ನಡೆಯುತ್ತದೆ. ಇನ್ನೊಂದರಲ್ಲಿ ಗ್ರಾಫಿಕ್ ವಿನ್ಯಾಸದ, ಅಂದರೆ ಶೀರ್ಷಿಕೆಯ ಅಕ್ಷರರೂಪ, ಬಣ್ಣಗಳ ಹೊಂದಾಣಿಕೆ, ವಾಹಿನಿಯ ಲಾಂಛನ, ತೆರೆಯ ಕೆಳಗೆ ಓಡುವ ಬರಹದ ಪಟ್ಟಿ, ಚೌಕಟ್ಟಿನೊಳಗೆ ಮನುಷ್ಯರನ್ನೂ ವಸ್ತುಗಳನ್ನೂ ಇರಿಸುವ ರೀತಿ ಇವುಗಳ ಪರಿಶೀಲನೆ ನಡೆಯುತ್ತದೆ. ಪಠ್ಯಕ್ರಮದ ಅನುಕೂಲಕ್ಕಾಗಿ ಮಾಡಿಕೊಂಡ ಈ ವಿಭಜನೆ ಧಾರಾವಾಹಿಯ ಮಟ್ಟಿಗೆ ಸರಿಯಲ್ಲ, ಏಕೆಂದರೆ ಕಿರುತೆರೆಯಲ್ಲಿ ಪಾತ್ರವು ಬಾಯಿ ತೆರೆಯುವುದಕ್ಕೆ ಮೊದಲೇ ಗೆರೆ, ಬಣ್ಣ ಮತ್ತು ಅಕ್ಷರಗಳಲ್ಲಿ ಅದರ ಪರಿಚಯ ಮುಗಿದಿರುತ್ತದೆ. ಈ ಮಾತಿಗೆ ಸಾಕ್ಷ್ಯ ಹುಡುಕಲು ಮಂಗಳೂರಿಗಿಂತ ಒಳ್ಳೆಯ ನೆಲ ಸಿಗುವುದು ಕಷ್ಟ. ಸ್ವಭಾವವನ್ನು ಮುಖದ ಮೇಲೆ ಬರೆಯುವ ಒಂದು ಪೂರ್ಣ ಶಾಸ್ತ್ರವನ್ನೇ ಇಲ್ಲಿಯ ಜನ ತಲೆಮಾರುಗಳಿಂದ ಯಕ್ಷಗಾನದ ಚೌಕಿಯಲ್ಲಿ, ಎಂದರೆ ಕಲಾವಿದರು ವೇಷ ಕಟ್ಟಿಕೊಳ್ಳುವ ಬಣ್ಣದ ಮನೆಯಲ್ಲಿ, ಉಳಿಸಿಕೊಂಡು ಬಂದಿದ್ದಾರೆ.

ತೆಂಕುತಿಟ್ಟಿನ, ಅಂದರೆ ಯಕ್ಷಗಾನದ ದಕ್ಷಿಣದ ಶೈಲಿಯ, ಬಣ್ಣಗಾರಿಕೆಯು ಪಾತ್ರಗಳನ್ನು ಮೊದಲು ವರ್ಗಗಳಾಗಿ ವಿಂಗಡಿಸುತ್ತದೆ. ಕಿರೀಟ ವೇಷವು ರಾಜಗಾಂಭೀರ್ಯಕ್ಕೆ, ಪುಂಡುವೇಷವು ಅಭಿಮನ್ಯು, ಬಭ್ರುವಾಹನರಂಥ ಎಳೆಯ ವೀರರ ಚುರುಕಿಗೆ, ಬಣ್ಣದ ವೇಷವು ರಾಕ್ಷಸ ಪಾತ್ರಗಳಿಗೆ, ಹೆಣ್ಣುಬಣ್ಣವು ಶೂರ್ಪನಖಿ, ಪೂತನಿಯಂಥ ರಕ್ಕಸಿಯರಿಗೆ ಮೀಸಲು. ಇವುಗಳ ಜೊತೆಗೆ ಸ್ತ್ರೀವೇಷವೂ ಹಾಸ್ಯಗಾರನೂ ಇದ್ದಾರೆ. ತೆಂಗಿನೆಣ್ಣೆಯ ಲೇಪದ ಮೇಲೆ ಬಿಳಿ, ಹಳದಿ, ಕೆಂಪು, ಕಪ್ಪು ಎಂಬ ಕೆಲವೇ ಬಣ್ಣಗಳಿಂದ ಮುಖವನ್ನು ಬರೆಯುವ ಕಲಾವಿದನು ಹುಬ್ಬಿನ ಏರಿಳಿತ, ಕಣ್ಣಂಚಿನ ಗೆರೆಯ ದಪ್ಪ, ಹಣೆಯ ನಾಮದ ಆಕಾರ, ಮೀಸೆಯ ಇರವು ಅಥವಾ ಇಲ್ಲದಿರುವಿಕೆ ಇವುಗಳಿಂದ ಪಾತ್ರದ ವಯಸ್ಸು, ಕುಲ, ಗುಣ ಮೂರನ್ನೂ ಒಂದೇ ನೋಟಕ್ಕೆ ಎಟುಕುವಂತೆ ಮಾಡುತ್ತಾನೆ. ರಾಕ್ಷಸನ ಮುಖಕ್ಕೆ ಅಕ್ಕಿಹಿಟ್ಟು ಮತ್ತು ಸುಣ್ಣ ಬೆರೆತ ಚುಟ್ಟಿಯನ್ನು ಸಾಲುಸಾಲಾಗಿ ಇಡುತ್ತ ಹೋಗಲು ಗಂಟೆಗಟ್ಟಲೆ ಹಿಡಿಯುತ್ತದೆ, ಆದರೆ ಅದರ ಫಲವಾಗಿ ದೂರದ ಗದ್ದೆಯಂಚಿನಲ್ಲಿ ಕುಳಿತವನಿಗೂ ಬಂದವನು ಯಾವ ಜಾತಿಯ ಪಾತ್ರ ಎಂಬುದರಲ್ಲಿ ಸಂಶಯ ಉಳಿಯುವುದಿಲ್ಲ. ಗ್ರಾಫಿಕ್ ವಿನ್ಯಾಸದ ಪಠ್ಯಪುಸ್ತಕಗಳು ವೈದೃಶ್ಯ, ಪುನರಾವರ್ತನೆ, ದೂರದಿಂದ ಓದಬಲ್ಲ ಸ್ಪಷ್ಟತೆ ಎಂದು ಹೇಳುವ ತತ್ತ್ವಗಳೆಲ್ಲವೂ ಈ ಮುಖದ ಮೇಲೆ ಆಗಲೇ ಕೆಲಸ ಮಾಡುತ್ತಿವೆ. ಶಿವರಾಮ ಕಾರಂತರು ‘ಯಕ್ಷಗಾನ ಬಯಲಾಟ’ದಲ್ಲಿ ವೇಷಭೂಷಣ ಮತ್ತು ಮುಖವರ್ಣಿಕೆಗೆ ಕೊಟ್ಟ ಗಮನವನ್ನು ಮಾಧ್ಯಮದ ವಿದ್ಯಾರ್ಥಿಗಳು ವಿನ್ಯಾಸದ ಪಾಠವೆಂದೇ ಓದಬಹುದು.

ನಗರದ ಸಂತ ಅಲೋಶಿಯಸ್ ಶಿಕ್ಷಣ ಸಂಸ್ಥೆಯ ಆವರಣದಲ್ಲಿರುವ ಪ್ರಾರ್ಥನಾ ಮಂದಿರವೂ ಇದೇ ಪಾಠವನ್ನು ಬೇರೊಂದು ಪರಂಪರೆಯಿಂದ ಹೇಳುತ್ತದೆ. ಇಟಲಿಯ ಜೆಸ್ವಿಟ್ ಕಲಾವಿದ ಆಂಟೋನಿಯೊ ಮೊಸ್ಕೇನಿ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅದರ ಗೋಡೆ ಮತ್ತು ಮಾಡುಗಳ ಮೇಲೆ ಬರೆದ ಚಿತ್ರಗಳು ಐರೋಪ್ಯ ಧಾರ್ಮಿಕ ಕಲೆಯ ವಂಶಕ್ಕೆ ಸೇರಿದವು. ಆ ಕಲೆಯಲ್ಲಿ ಸಂತನೊಬ್ಬನನ್ನು ಗುರುತಿಸುವುದು ಅವನ ಮುಖದಿಂದಲ್ಲ, ಕೈಯಲ್ಲಿರುವ ಬೀಗದ ಕೈ, ಲಿಲಿ ಹೂವು, ಪುಸ್ತಕ ಮೊದಲಾದ ಲಾಂಛನಗಳಿಂದ. ಚೌಕಿಯೂ ಈ ಮಂದಿರವೂ ಒಂದೇ ಊರಿನಲ್ಲಿರುವಾಗ ಪಾತ್ರ ಮತ್ತು ವಿನ್ಯಾಸ ಬೇರೆ ಬೇರೆ ಅಧ್ಯಾಯಗಳೆಂದು ಇಲ್ಲಿಯ ತರಗತಿಗಳಲ್ಲಿ ಕಲಿಸುವುದಕ್ಕೆ ಕಾರಣವೇ ಇಲ್ಲ.

ಧಾರಾವಾಹಿಯ ಪ್ರೋಮೊ, ಅಂದರೆ ಪ್ರಸಾರಕ್ಕೆ ಮೊದಲು ವಾಹಿನಿ ಬಿತ್ತರಿಸುವ ಕಿರು ಜಾಹೀರಾತು, ಈ ಪರಂಪರೆಯ ನೇರ ಬಂಧುವಿನಂತೆ ವರ್ತಿಸುತ್ತದೆ. ಬಣ್ಣದ ವೇಷದ ತೆರೆ ಒಡ್ಡೋಲಗದಲ್ಲಿ, ಅಂದರೆ ರಂಗಪ್ರವೇಶದಲ್ಲಿ, ಇಬ್ಬರು ಹಿಡಿದ ತೆರೆಯ ಮರೆಯಲ್ಲಿ ರಾಕ್ಷಸ ಕುಣಿಯುತ್ತಾನೆ. ಮೊದಲು ಕಿರೀಟದ ತುದಿ, ಬಳಿಕ ಬೆರಳು, ಬಳಿಕ ಕಣ್ಣು ಎಂಬಂತೆ ಪ್ರೇಕ್ಷಕನಿಗೆ ಅವನು ಭಾಗಶಃ ದಕ್ಕುತ್ತಾನೆ, ಪೂರ್ಣ ಮುಖ ಕಾಣುವ ಹೊತ್ತಿಗೆ ಭಯವೂ ಕುತೂಹಲವೂ ಪಕ್ವವಾಗಿರುತ್ತವೆ. ‘ದೇವಿಮಹಾತ್ಮೆ’ಯ ಮಹಿಷಾಸುರನಂತೂ ದೀವಟಿಗೆಗಳ ಬೆಳಕಿನಲ್ಲಿ ಸಭೆಯ ನಡುವಿನಿಂದಲೇ ನುಗ್ಗಿ ಬರುತ್ತಾನೆ. ಧಾರಾವಾಹಿಯ ಪ್ರತಿನಾಯಕಿಯ ಪ್ರವೇಶದಲ್ಲಿ ಮೊದಲು ಕಾರಿನ ಬಾಗಿಲು, ಆಮೇಲೆ ಪಾದ, ಆಮೇಲೆ ಬಳೆ ತುಂಬಿದ ಕೈ, ಕಟ್ಟಕಡೆಗೆ ಕಣ್ಣಿಗೆ ಹತ್ತಿರ ತಂದ ಕ್ಲೋಸಪ್ ಬರುವ ಕ್ರಮವನ್ನು ಇದರ ಪಕ್ಕದಲ್ಲಿ ಇಟ್ಟು ನೋಡಿದರೆ ರಚನೆಯ ಸಾಮ್ಯ ಎದ್ದು ಕಾಣುತ್ತದೆ. ಒಂದನ್ನು ಶಾಸ್ತ್ರವೆಂದು ಗೌರವಿಸಿ ಇನ್ನೊಂದನ್ನು ಅಗ್ಗದ ತಂತ್ರವೆಂದು ತಳ್ಳಿಹಾಕುವ ವಿಮರ್ಶೆಯು ತನ್ನ ಅಳತೆಗೋಲನ್ನೇ ಮೊದಲು ಪರೀಕ್ಷಿಸಿಕೊಳ್ಳಬೇಕು.

ಇಂಗ್ಲಿಷ್ ಕಾದಂಬರಿಕಾರ ಇ.ಎಂ. ಫಾರ್‌ಸ್ಟರ್ 1927ರಲ್ಲಿ ಪ್ರಕಟಿಸಿದ ಉಪನ್ಯಾಸಗಳಲ್ಲಿ ಪಾತ್ರಗಳನ್ನು ಚಪ್ಪಟೆ ಮತ್ತು ದುಂಡು ಎಂದು ವಿಂಗಡಿಸಿದರು: ಒಂದೇ ಗುಣದ ಸುತ್ತ ಕಟ್ಟಿದ್ದು ಚಪ್ಪಟೆ, ಓದುಗನನ್ನು ನಂಬಿಕೆ ಹುಟ್ಟುವಂತೆ ಅಚ್ಚರಿಗೊಳಿಸಬಲ್ಲದ್ದು ದುಂಡು. ಮರುವರ್ಷ ರಷ್ಯಾದ ವಿದ್ವಾಂಸ ವ್ಲಾದಿಮಿರ್ ಪ್ರಾಪ್ ಜಾನಪದ ಕಥೆಗಳನ್ನು ಪರಿಶೀಲಿಸಿ, ನಾಯಕ, ಖಳ, ದಾನಿ, ಸಹಾಯಕ, ಸುಳ್ಳು ನಾಯಕ ಮುಂತಾದ ಏಳು ಪಾತ್ರವರ್ಗಗಳೂ 31 ಕ್ರಿಯೆಗಳೂ ಕಥೆಯನ್ನು ನಡೆಸುತ್ತವೆಯೆಂದು ತೋರಿಸಿದರು. ಇವೆರಡೂ ಉಪಯುಕ್ತ ಸಾಧನಗಳೇ. ಆದರೆ ಫಾರ್‌ಸ್ಟರ್ ಅವರ ವಿಂಗಡಣೆಯನ್ನು ಧಾರಾವಾಹಿಗೆ ಅನ್ವಯಿಸುವವರು ಚಪ್ಪಟೆ ಎಂಬುದನ್ನು ಬೈಗುಳವಾಗಿ ಬಳಸುತ್ತಾರೆ, ಇಲ್ಲಿಯೇ ದಾರಿ ತಪ್ಪುತ್ತದೆ. ದಿನಕ್ಕೆ ಅರ್ಧ ಗಂಟೆಯ ಅವಧಿಯಲ್ಲಿ, ಜಾಹೀರಾತುಗಳ ನಡುವೆ, ವರ್ಷಗಟ್ಟಲೆ ಓಡುವ ಕಥೆಗೆ ಯಾವುದೋ ಒಂದು ಮಂಗಳವಾರ ಹೊಸದಾಗಿ ಬಂದು ಕುಳಿತ ಪ್ರೇಕ್ಷಕನಿಗೂ ಪಾತ್ರ ಥಟ್ಟನೆ ಗುರುತು ಸಿಗಲೇಬೇಕು. ಆದ್ದರಿಂದ ಸೀರೆಯ ಅಂಚು, ಕುಂಕುಮದ ಗಾತ್ರ, ತಲೆಗೂದಲ ಕಟ್ಟು ಇವು ಬದಲಾಗದೆ ನಿಲ್ಲುವುದು ಆ ಪ್ರಕಾರದ ಅಗತ್ಯ. ಯಕ್ಷಗಾನದಲ್ಲಿಯೂ ವೇಷ ಸ್ಥಿರ. ಆದರೆ ಅದೇ ವೇಷದ ಬಾಯಿಂದ ಹೊರಡುವ ಅರ್ಥಗಾರಿಕೆ, ಅಂದರೆ ಹಾಡಿನ ಬಳಿಕ ಕಲಾವಿದ ಆಶುವಾಗಿ ಕಟ್ಟುವ ಮಾತು, ರಾತ್ರಿಯಿಂದ ರಾತ್ರಿಗೆ ಬದಲಾಗುತ್ತದೆ, ಬೆಳೆಯುತ್ತದೆ, ಎದುರಾಳಿಯ ಮಾತಿಗೆ ತಕ್ಕಂತೆ ಹೊಸ ದಿಕ್ಕು ಹಿಡಿಯುತ್ತದೆ. ತಾಳಮದ್ದಳೆಯಲ್ಲಿ ವೇಷವೇ ಇಲ್ಲ, ಮಾತು ಮಾತ್ರ. ಅರ್ಥಧಾರಿ ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯೂ ರಾವಣನೂ ಕೇಳುಗರ ನ್ಯಾಯಬುದ್ಧಿಯನ್ನೇ ಅಲುಗಾಡಿಸಿದ್ದು ಆ ಮಾತಿನ ಬಲದಿಂದ. ಹೊರಗೆರೆ ಸ್ಥಿರವಾಗಿದ್ದೂ ಒಳಗಿನ ವಾದ ಚಲಿಸುತ್ತಿರುವ ಇಂಥ ಪಾತ್ರವನ್ನು ಚಪ್ಪಟೆ ಎನ್ನಲೂ ಆಗದು, ದುಂಡು ಎನ್ನಲೂ ಆಗದು. ಕನ್ನಡದ ಮಾಧ್ಯಮ ವಿಮರ್ಶೆಗೆ ಬೇಕಾದ ಮೂರನೆಯ ವರ್ಗವನ್ನು ಕರಾವಳಿಯ ರಂಗಭೂಮಿ ಹೀಗೆ ಒದಗಿಸುತ್ತದೆ. ಧಾರಾವಾಹಿಯ ದೋಷವೆಂದರೆ ಅದರ ಪಾತ್ರಗಳು ಮಾದರಿಗಳಾಗಿರುವುದಲ್ಲ, ಬಹುತೇಕ ಮಾದರಿಗಳಿಗೆ ತಮ್ಮ ಪರವಾಗಿ ವಾದಿಸಲು ಮಾತು ಸಿಗದಿರುವುದು.

2021ರ ಕೊನೆಯಲ್ಲಿ ಜೀ ಕನ್ನಡದಲ್ಲಿ ಆರಂಭವಾದ ‘ಪುಟ್ಟಕ್ಕನ ಮಕ್ಕಳು’ ಈ ದೃಷ್ಟಿಯಿಂದ ಪರಿಶೀಲನೆಗೆ ತಕ್ಕ ಕೃತಿ. ಗಂಡ ಬಿಟ್ಟುಹೋದ ಮೇಲೆ ಮೆಸ್ ನಡೆಸಿ ಮೂವರು ಹೆಣ್ಣುಮಕ್ಕಳನ್ನು ಬೆಳೆಸುವ ಪುಟ್ಟಕ್ಕನನ್ನು ಉಮಾಶ್ರೀ ಅವರು ಮಾಸಿದ ಸೀರೆ, ದುಡಿದ ಕೈಗಳ ಮೂಲಕ ಕಣ್ಣಿಗೆ ಕಟ್ಟಿಕೊಟ್ಟರೆ, ಮಂಜುಭಾಷಿಣಿ ಅವರು ಅಭಿನಯಿಸಿದ ಬಡ್ಡಿ ವ್ಯವಹಾರದ ಬಂಗಾರಮ್ಮ ಹೊರನೋಟಕ್ಕೆ ಊರನ್ನೇ ಹೆದರಿಸುವ ಹೆಣ್ಣುಬಣ್ಣ. ಆದರೆ ಕಥೆ ಮುಂದುವರಿದಂತೆ ಬಂಗಾರಮ್ಮನಿಗೆ ತಾಯ್ತನದ ಮಾತೂ ತನ್ನದೇ ನ್ಯಾಯದ ಮಾತೂ ದೊರೆತವು, ಒಡವೆ ಮತ್ತು ಗತ್ತು ಹಾಗೆಯೇ ಉಳಿದವು. ಪ್ರೇಕ್ಷಕರು ಆ ಪಾತ್ರವನ್ನು ಹಚ್ಚಿಕೊಂಡಿರುವುದಕ್ಕೆ ಕಾರಣ ಇದೇ ಇರಬೇಕು: ವೇಷ ಕಳಚದೆಯೇ ಅರ್ಥ ಬೆಳೆಯಿತು.

ಗೆರೆಯೇ ಪಾತ್ರವಾಗುವ ಬಗೆಯನ್ನು ಕನ್ನಡಿಗರೊಬ್ಬರು ಬಹು ಹಿಂದೆಯೇ ದೇಶಕ್ಕೆ ತೋರಿಸಿದ್ದರು. ಶಂಕರ್ ನಾಗ್ ಆಗುಂಬೆಯಲ್ಲಿ ಚಿತ್ರೀಕರಿಸಿದ ‘ಮಾಲ್ಗುಡಿ ಡೇಸ್’ ಧಾರಾವಾಹಿಯ ರೇಖಾಚಿತ್ರಗಳು, ‘ಕೊರವಂಜಿ’ ಪತ್ರಿಕೆಗೂ ಚಿತ್ರ ಬರೆದಿದ್ದ, ಆರ್.ಕೆ. ನಾರಾಯಣರ ತಮ್ಮ ಆರ್.ಕೆ. ಲಕ್ಷ್ಮಣ್ ಅವರವು. ಶೀರ್ಷಿಕೆಯಲ್ಲಿ ಆ ಗೆರೆಗಳು ಮೂಡುವಾಗಲೇ ಊರಿನ ಸಣ್ಣತನ, ಸಜ್ಜನಿಕೆ, ನಿಧಾನಗತಿ ಪ್ರೇಕ್ಷಕನೊಳಗೆ ನೆಲೆಯಾಗಿ, ಮುಂದೆ ಬರುವ ಸ್ವಾಮಿಯನ್ನೋ ಅವನ ತಂದೆಯನ್ನೋ ನೋಡುವ ಮನಸ್ಸನ್ನು ಸಿದ್ಧಗೊಳಿಸುತ್ತವೆ. ಮೂಲ್ಕಿಯ ಸದಾನಂದ ಸುವರ್ಣರು ದೂರದರ್ಶನಕ್ಕಾಗಿ ನಿರ್ದೇಶಿಸಿದ, ಪ್ರಕಾಶ್ ರೈ ಅಭಿನಯಿಸಿದ ‘ಗುಡ್ಡದ ಭೂತ’ದಲ್ಲಿ ಈ ಕೆಲಸವನ್ನು ಶೀರ್ಷಿಕೆಗೀತೆ ಮಾಡಿತು, ಅದರ ಪಲ್ಲವಿ 2015ರ ‘ರಂಗಿತರಂಗ’ ಚಿತ್ರದಲ್ಲಿ ಮತ್ತೆ ಕೇಳಿಬಂದಾಗಲೂ ಕರಾವಳಿಯ ಒಂದು ತಲೆಮಾರಿಗೆ ಹಳೆಯ ದಿಗಿಲು ಹಾಗೆಯೇ ಮರುಕಳಿಸಿತು.

ಅಕ್ಷರಗಳ ವಿಷಯದಲ್ಲಿ ಮಂಗಳೂರಿನ ಹಕ್ಕು ಇನ್ನೂ ಹಳೆಯದು. ಬಾಸೆಲ್ ಮಿಷನ್ ಇಲ್ಲಿ 1841ರಲ್ಲಿ ಮುದ್ರಣಾಲಯ ತೆರೆಯಿತು, ಹರ್ಮನ್ ಮೋಗ್ಲಿಂಗ್ 1843ರ ಜುಲೈ 1ರಂದು ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು ಕಲ್ಲಚ್ಚಿನಲ್ಲಿ ಹೊರತಂದರು. ಕಲ್ಲಚ್ಚು ಕೈಬರಹವನ್ನೇ ಕಲ್ಲಿನ ಮೇಲೆ ಮೂಡಿಸಿ ಅಚ್ಚೊತ್ತುವ ವಿಧಾನವಾದ್ದರಿಂದ ಒತ್ತಕ್ಷರ ಎಷ್ಟು ಕೆಳಗಿಳಿದರೂ ಅಡ್ಡಿಯಿರಲಿಲ್ಲ. ಗಣಕಯಂತ್ರದಲ್ಲಿ ಕನ್ನಡ ಮೂಡಿಸುವ ಸಮಸ್ಯೆಯನ್ನು ಬಿಡಿಸಿದವರಲ್ಲಿ ಮೊದಲಿಗರಾದ ಕೆ.ಪಿ. ರಾವ್ ಅವರೂ ಮಂಗಳೂರಿನ ಸಮೀಪದ ಕಿನ್ನಿಕಂಬಳದವರು. ಇಂದು ಬಳಕೆಯಲ್ಲಿರುವ ಕೀಲಿಮಣೆ ವಿನ್ಯಾಸದ ಹಿಂದೆ ಅವರ ಶ್ರಮವಿದೆ. ಇಷ್ಟೆಲ್ಲ ಪರಂಪರೆಯಿದ್ದೂ ಕಿರುತೆರೆಯ ಕನ್ನಡ ಅಕ್ಷರ ಇಂದಿಗೂ ಇಕ್ಕಟ್ಟಿನಲ್ಲಿಯೇ ಇದೆ. ‘ಲಕ್ಷ್ಮೀ ನಿವಾಸ’ ಎಂಬ ಧಾರಾವಾಹಿಯ ಶೀರ್ಷಿಕೆಯನ್ನೇ ನೋಡಬಹುದು: ಮೊದಲ ಪದದ ಎರಡನೆಯ ಅಕ್ಷರದಲ್ಲಿ ಒಂದು ವ್ಯಂಜನಕ್ಕೆ ಎರಡು ಒತ್ತು ಮತ್ತು ಒಂದು ದೀರ್ಘ ಸ್ವರ ಸೇರಿ, ಸಾಲಿನ ಮೇಲೂ ಕೆಳಗೂ ಬದಿಗೂ ಸ್ಥಳ ಬೇಡುತ್ತದೆ. ಕೆಳಗಿಳಿಯುವ ಅಕ್ಷರಗಳು ಬೆರಳೆಣಿಕೆಯಷ್ಟೇ ಇರುವ ರೋಮನ್ ಲಿಪಿಯ ಅಳತೆಗೆ ಕತ್ತರಿಸಿದ ಪಟ್ಟಿಯಲ್ಲಿ ಇದನ್ನು ತುರುಕಿದರೆ ಅಕ್ಷರವನ್ನು ಕುಗ್ಗಿಸಬೇಕಾಗುತ್ತದೆ, ಇಲ್ಲವೇ ಒತ್ತು ಕತ್ತರಿಸಿಹೋಗುತ್ತದೆ. ಫ್ರೆಂಚ್ ಚಿಂತಕ ರೋಲಾನ್ ಬಾರ್ತ್ 1964ರ ಪ್ರಬಂಧವೊಂದರಲ್ಲಿ, ಹಲವು ಅರ್ಥಗಳ ನಡುವೆ ತೇಲುವ ಚಿತ್ರಕ್ಕೆ ಬರಹವು ಲಂಗರು ಹಾಕಿ ಒಂದು ಅರ್ಥದಲ್ಲಿ ನಿಲ್ಲಿಸುತ್ತದೆ ಎಂದರು; ಲಂಗರೇ ಓದಲಾಗದಂತಿದ್ದರೆ ಚಿತ್ರವೂ ನಿಲ್ಲದು. ಪಾತ್ರ ಅಳುತ್ತಿರುವ ಹೊತ್ತಿಗೆ ಕೆಳಗಿನ ಪಟ್ಟಿಯಲ್ಲಿ ಮುಂದಿನ ಕಾರ್ಯಕ್ರಮದ ನಗುಮುಖ ಜಾರಿಬರುವುದೂ ಇದೇ ವಿಚಾರಕ್ಕೆ ಸೇರಿದ್ದು, ಏಕೆಂದರೆ ಆ ಕ್ಷಣದಲ್ಲಿ ತೆರೆಯ ಒಡೆತನ ಕಥೆಯಿಂದ ವಾಹಿನಿಯ ಕೈಗೆ ಹೋಗುತ್ತದೆ.

ಕರಾವಳಿಯ ಪ್ರೇಕ್ಷಕನಿಗೆ ಇನ್ನೊಂದು ನೋವೂ ಇದೆ. ಮಂಗಳೂರು ಕನ್ನಡವನ್ನು ಸಿನಿಮಾದಲ್ಲಿಯೂ ಧಾರಾವಾಹಿಯಲ್ಲಿಯೂ ಬಹುಕಾಲ ಹೋಟೆಲಿನ ಭಟ್ಟರಿಗೆ, ಅಡುಗೆಯವನಿಗೆ, ನಗೆಪಾತ್ರಕ್ಕೆ ಮೀಸಲಿಟ್ಟರು. ಬಿಳಿ ಪಂಚೆ, ಹೆಗಲ ಮೇಲಿನ ಬೈರಾಸು ಮತ್ತು ಉತ್ಪ್ರೇಕ್ಷಿತ ಉಚ್ಚಾರ ಸೇರಿ ಒಂದು ವೇಷವೇ ಸಿದ್ಧವಾಯಿತು. ಬ್ರಿಟನ್ನಿನ ಮಾಧ್ಯಮ ಚಿಂತಕ ಸ್ಟುವರ್ಟ್ ಹಾಲ್ 1973ರಲ್ಲಿ ಮಂಡಿಸಿದ ವಾದದ ಪ್ರಕಾರ ಮಾಧ್ಯಮ ಕಟ್ಟಿಕೊಟ್ಟ ಅರ್ಥವನ್ನು ಪ್ರೇಕ್ಷಕ ಇದ್ದಂತೆಯೇ ಸ್ವೀಕರಿಸಬಹುದು, ತನ್ನ ಅನುಭವಕ್ಕೆ ತಕ್ಕಂತೆ ತಿದ್ದಿಕೊಳ್ಳಬಹುದು ಅಥವಾ ಪೂರ್ತಿಯಾಗಿ ಎದುರಿಸಬಹುದು. ಬೇರೆ ಊರಿನವರು ನಕ್ಕು ಮುಗಿಸುವ ಕಡೆ ಮಂಗಳೂರಿನ ಮನೆಗಳಲ್ಲಿ ಎರಡನೆಯ ಮತ್ತು ಮೂರನೆಯ ಬಗೆಯ ಓದು ನಡೆಯುತ್ತದೆ, ಏಕೆಂದರೆ ಆ ಕನ್ನಡ ಅಲ್ಲಿ ವಕೀಲರ, ವೈದ್ಯರ, ಅರ್ಥಧಾರಿಗಳ ಗಂಭೀರ ಭಾಷೆ. ಹಾಸ್ಯಗಾರನ ವೇಷವನ್ನು ಇಡೀ ಒಂದು ನಾಡಿಗೆ ತೊಡಿಸುವುದು ಅನ್ಯಾಯ. ಯಕ್ಷಗಾನದ ಹಾಸ್ಯಗಾರನಿಗೆ ರಾಜನ ಮುಖಕ್ಕೇ ಸತ್ಯ ಹೇಳುವ ಅಧಿಕಾರವಾದರೂ ಇತ್ತು.

ಕೊಣಾಜೆಯಲ್ಲಿರುವ ವಿಶ್ವವಿದ್ಯಾನಿಲಯದ ಆವರಣ ಮಂಗಳಗಂಗೋತ್ರಿಯಲ್ಲಿಯೂ ನಗರದ ಕಾಲೇಜುಗಳಲ್ಲಿಯೂ ಪತ್ರಿಕೋದ್ಯಮ ಮತ್ತು ಸಮೂಹ ಸಂವಹನ ಕಲಿಯುತ್ತಿರುವವರು ಒಂದೇ ಸಂಚಿಕೆಯನ್ನು ಎರಡು ಬಾರಿ ಎದುರಿಸುವುದು ಒಳ್ಳೆಯ ಅಭ್ಯಾಸವಾದೀತು. ಮೊದಲ ಬಾರಿ ಧ್ವನಿಯನ್ನು ಪೂರ್ತಿ ಅಡಗಿಸಿ ಬಣ್ಣ, ಚೌಕಟ್ಟು, ಅಕ್ಷರ, ಪಟ್ಟಿ ಇವುಗಳಿಂದಲೇ ಪಾತ್ರಗಳ ಗುಣವನ್ನು ಬರೆದಿಡಬೇಕು. ಎರಡನೆಯ ಬಾರಿ ತಾಳಮದ್ದಳೆ ಕೇಳುವವರಂತೆ ತೆರೆಗೆ ಬೆನ್ನು ಮಾಡಿ ಮಾತನ್ನು ಮಾತ್ರ ಕೇಳಿ ಬರೆಯಬೇಕು. ಎರಡು ಟಿಪ್ಪಣಿಗಳೂ ಒಂದೇ ಮಾತನ್ನು ಹೇಳಿದರೆ ಆ ಪಾತ್ರಕ್ಕೆ ವೇಷವಿದೆ, ಅರ್ಥವಿಲ್ಲ ಎಂದು ತಿಳಿಯಬೇಕು. ಅವು ಪರಸ್ಪರ ಜಗಳಕ್ಕೆ ನಿಂತರೆ ಆ ಧಾರಾವಾಹಿಯನ್ನು ಮುಂದಿನ ವಾರವೂ ನೋಡಬೇಕು, ಅದರ ಬಗ್ಗೆ ಬರೆಯಲೂಬೇಕು.