ಯಂತ್ರದ ಐರಾವತ ಮತ್ತು ಈರ್ಯಾಸಮಿತಿ

ನಾಂದಣಿ ಮಠದಲ್ಲಿ 1992ರಿಂದ ಇದ್ದ ಮಹಾದೇವಿ ಎಂಬ ಆನೆಯನ್ನು 2025ರ ಜುಲೈ ತಿಂಗಳಲ್ಲಿ ನ್ಯಾಯಾಲಯದ ಆದೇಶದಂತೆ ಜಾಮನಗರದ ವನತಾರಾ ಕೇಂದ್ರಕ್ಕೆ ಸಾಗಿಸಲಾಯಿತು. ಗಡಿಯ ಈಚೆಗಿನ ಶಿರಗುಪ್ಪಿ, ಶೇಡಬಾಳ, ಉಗಾರಗಳ ಶ್ರಾವಕರಿಗೆ ನಾಂದಣಿ ಪರಸ್ಥಳವಲ್ಲವಾದ್ದರಿಂದ ಆ ನೋವು ಈ ಭಾಗಕ್ಕೂ ತಟ್ಟಿತು. ತೀರ್ಪಿನ ಸರಿತಪ್ಪುಗಳ ವಿಚಾರ ಇಲ್ಲಿ ಬೇಡ. ಜೀವಂತ ಆನೆಯ ಬದಲು ಯಂತ್ರದ ಆನೆಯನ್ನು ಕೊಡುವುದಾಗಿ ಪೇಟಾ ಸಂಸ್ಥೆ ಮಠದ ಮುಂದಿಟ್ಟ ಪ್ರಸ್ತಾಪ ಮಾತ್ರ ಎಲ್ಲ ಬಸದಿಗಳ ವಿಶ್ವಸ್ತ ಮಂಡಳಿಗಳೂ ವಿಚಾರಿಸತಕ್ಕದ್ದು.

ಇಂಥ ಆನೆ 2023ರಲ್ಲಿ ಕೇರಳದ ಇರಿಂಜಾಡಪ್ಪಿಳ್ಳಿ ದೇವಾಲಯಕ್ಕೆ ಬಂದಿತು; ಅನಂತರ ಮೈಸೂರಿನ ಸುತ್ತೂರು ಮಠಕ್ಕೂ ಬಂದಿತು. ಉಕ್ಕು, ರಬ್ಬರ್, ಫೈಬರ್‌ಗಳಿಂದ ಮಾಡಿದ ಸುಮಾರು 800 ಕಿಲೋ ತೂಕದ ದೇಹ. ಐದು ಮೋಟಾರುಗಳು ಕಿವಿ, ತಲೆ, ಬಾಲಗಳನ್ನು ಆಡಿಸುತ್ತವೆ. ಸ್ವಿಚ್ ಒತ್ತಿದರೆ ಸೊಂಡಿಲು ನೀರೆರಚುತ್ತದೆ. ಅಂಕುಶವಿಲ್ಲ, ಸರಪಳಿಯಿಲ್ಲ. ಅಹಿಂಸೆಯ ದೃಷ್ಟಿಯಿಂದ ಇದು ಸಣ್ಣ ಲಾಭವಲ್ಲ. ಆದರೆ ಜನಸಂದಣಿಯ ನಡುವೆ ಚಲಿಸುವ ಯಂತ್ರಕ್ಕೆ ಯಾವ ನಿಯಮ?

ಮನುಷ್ಯರ ನಡುವೆ ಸೇವೆಗೈಯುವ ರೋಬೋಟುಗಳಿಗಾಗಿ ಅಂತರರಾಷ್ಟ್ರೀಯ ಮಾನಕ ಸಂಸ್ಥೆಯು 2014ರಲ್ಲಿ ಐಎಸ್‌ಒ 13482 ಎಂಬ ಮಾನಕವನ್ನು ಪ್ರಕಟಿಸಿತು. ಮನೆಗೆಲಸಕ್ಕೆ ಓಡಾಡುವ ಯಂತ್ರ, ದೇಹಕ್ಕೆ ಆಸರೆಯಾಗುವ ಯಂತ್ರ, ಜನರನ್ನು ಹೊತ್ತೊಯ್ಯುವ ಯಂತ್ರ ಎಂಬ ಮೂರು ಬಗೆಗಳನ್ನು ಅದು ಹೇಳುತ್ತದೆ. ಗಂಟೆಗೆ 20 ಕಿ.ಮೀ. ಮೀರಿ ಓಡುವವು, ಆಟಿಕೆಗಳು, ಸೇನೆಯ ಯಂತ್ರಗಳು ಅದರ ಹೊರಗೆ. ಸ್ವಿಚ್ಚಿಗೆ ಅಧೀನವಾದ ಆನೆ, ಪತ್ರಿಕೆಗಳು ಏನೇ ಕರೆದರೂ, ಈ ಮೂರರಲ್ಲಿ ಯಾವುದಕ್ಕೂ ಸರಿಯಾಗಿ ಹೊಂದದು. ಆದರೂ ಈ ಗ್ರಂಥವನ್ನು ಬದಿಗಿಡಲಾಗದು. ಅದರ ವಿಚಾರಕ್ರಮ ಬೆಲೆಯುಳ್ಳದ್ದು.

ಆ ಕ್ರಮದಲ್ಲಿ ಅಪಾಯವನ್ನು ಮೊದಲು ಯಂತ್ರದ ರಚನೆಯಲ್ಲಿಯೇ ನಿವಾರಿಸಬೇಕು. ಆಗದಿದ್ದಲ್ಲಿ ತಡೆ, ಕವಚ, ತುರ್ತು ನಿಲುಗಡೆಗಳನ್ನು ಅಳವಡಿಸಬೇಕು. ಉಳಿದುದಕ್ಕೆ ಮಾತ್ರ ಎಚ್ಚರಿಕೆಯ ಬರಹ. ಉತ್ಸವಗಳಲ್ಲಿ ನಡೆಯುವುದು ಇದಕ್ಕೆ ತಲೆಕೆಳಗು. ಧ್ವನಿವರ್ಧಕದಲ್ಲಿ “ಮಕ್ಕಳನ್ನು ಹಿಂದಕ್ಕೆ ಕರೆದುಕೊಳ್ಳಿ” ಎಂದು ಕೂಗಿದರೆ ಹೊಣೆ ತೀರಿತೆಂದು ಕಾರ್ಯಕರ್ತರು ಭಾವಿಸುತ್ತಾರೆ. ಯಂತ್ರವು ಹತ್ತಿರವಿದೆಯೆಂಬ ಅರಿವೇ ಜನರಿಗಿಲ್ಲದಿರುವುದನ್ನೂ ಮಾನಕ ಒಂದು ಅಪಾಯವೆಂದು ಎಣಿಸುತ್ತದೆ. ವಾದ್ಯಘೋಷದ ನಡುವೆ ಸದ್ದಿಲ್ಲದೆ ಉರುಳುವ ಗಾಲಿಗೆ ಈ ಮಾತು ಚೆನ್ನಾಗಿ ಅನ್ವಯಿಸುತ್ತದೆ.

ಸಾಧುಗಳ ಈರ್ಯಾಸಮಿತಿಯನ್ನು ಬಲ್ಲವರಿಗೆ ಇದು ಹೊಸತಲ್ಲ. ಮುಂದಿನ ನಾಲ್ಕು ಮೊಳ ನೆಲವನ್ನು ನೋಡಿ ಹೆಜ್ಜೆಯಿಡುವುದು ಅವರ ನಿಯಮ. ಜೈನ ದರ್ಶನದಲ್ಲಿ ಹಿಂಸೆಯ ಮೂಲ ಪ್ರಮಾದ. ಯಂತ್ರಕ್ಕೆ ಮನಸ್ಸಿಲ್ಲ, ಆದ್ದರಿಂದ ಪ್ರಮಾದವೂ ಇಲ್ಲ. ಅದು ಮಾಡಿದವನಲ್ಲಿ, ತಂದವನಲ್ಲಿ, ಸ್ವಿಚ್ ಹಿಡಿದವನಲ್ಲಿ ಇರುತ್ತದೆ. ಮಾನಕವಾದರೋ ಗಾಯದ ತೀವ್ರತೆ, ಅದರ ಸಂಭವ ಇವೆರಡನ್ನೇ ಅಳೆದು, ಉಳಿದ ಅಪಾಯವನ್ನು ಕೈಪಿಡಿಯಲ್ಲಿ ಬರೆದು ಬಳಕೆದಾರನಿಗೆ ಒಪ್ಪಿಸುತ್ತದೆ. ಇಂಗ್ಲಿಷ್ ಕೈಪಿಡಿಯನ್ನು ನಿನ್ನೆಯ ಮಾವುತ ಓದಬಲ್ಲನೇ?

ಇನ್ನೊಂದು ಕೊರತೆ ಇದಕ್ಕಿಂತ ದೊಡ್ಡದು. ಮಾನಕದ ಮುಖ್ಯ ಕಾಳಜಿ ಮನುಷ್ಯ. ಸಾಕುಪ್ರಾಣಿಗಳನ್ನು ಅದು ಸ್ಮರಿಸುವುದುಂಟು, ಆದರೆ ಆಸ್ತಿಪಾಸ್ತಿಯೊಡನೆ ಒಂದೇ ಸಾಲಿನಲ್ಲಿ, ಕಾಪಾಡಬೇಕಾದ ವಸ್ತುಗಳೆಂದು. ಇರುವೆಯಿಂದ ಆನೆಯವರೆಗೆ ಇಂದ್ರಿಯಗಳನ್ನೆಣಿಸಿ ಜೀವವನ್ನು ಗುರುತಿಸುವ ಪರಂಪರೆಯವರು ಇದನ್ನು ಪೂರ್ಣಪ್ರಮಾಣವೆಂದು ಒಪ್ಪಲಾಗದು. ಗಾಲಿಯ ಅಡಿಯ ನೆಲ ಆ ಗ್ರಂಥಕ್ಕೆ ಏರುತಗ್ಗು, ಜಾರಿಕೆಗಳ ಪ್ರಶ್ನೆ. ಅಲ್ಲಿ ಹರಿದಾಡುವ ಜೀವದ ಪ್ರಶ್ನೆಯಲ್ಲ.

ಪಂಚಕಲ್ಯಾಣ ಮಹೋತ್ಸವದಲ್ಲಿ ಸೌಧರ್ಮೇಂದ್ರನ ಸ್ಥಾನಕ್ಕೆ ಸವಾಲು ಹಿಡಿದ ದಂಪತಿಗಳು ಐರಾವತವೆಂದು ಭಾವಿಸಿದ ಆನೆಯ ಮೇಲೆ ಕುಳಿತು ಮೆರವಣಿಗೆಯಲ್ಲಿ ಸಾಗುತ್ತಾರೆ. ಯಂತ್ರದ ಆನೆ ಬಂದ ದಿನ ಅದು ಜನರನ್ನು ಹೊರುವ ಯಂತ್ರವಾಗುತ್ತದೆ. ಎಷ್ಟು ಜನರ ಭಾರ, ಎಷ್ಟು ಇಳಿಜಾರು, ವಿದ್ಯುತ್ ಕೈಕೊಟ್ಟಾಗ ಹಿಡಿದು ನಿಲ್ಲಿಸುವ ಬ್ರೇಕು, ಕೆಳಗಿನವನ ಕೈಗೆ ಎಟುಕುವ ನಿಲುಗಡೆಯ ಗುಂಡಿ, ಮಳೆಯಲ್ಲಿ ತಂತಿಗಳ ಸ್ಥಿತಿ: ಇವುಗಳಿಗೆ ದಾನಿಯಿಂದಲೂ ತಯಾರಕನಿಂದಲೂ ಲಿಖಿತ ಉತ್ತರವನ್ನು ಮಂಡಳಿಗಳು ಪಡೆಯಬೇಕು, ಅದೂ ಸವಾಲು ಕೂಗುವ ಮೊದಲೇ. ಗಾಲಿಯ ಮುಂದೆ ನೆಲ ನೋಡುತ್ತ ನಡೆಯುವವನೊಬ್ಬನನ್ನು ನೇಮಿಸುವ ಕೆಲಸ ಮಾತ್ರ ಯಾವ ಮಾನಕದಲ್ಲಿಯೂ ಸಿಗದು. ಅದನ್ನು ಬಸದಿಯವರೇ ಬರೆದುಕೊಳ್ಳಬೇಕಾಗುತ್ತದೆ.